ಟಚಿಂಗಕ್ಕನ ಕೈಗುಣ

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬೀಗ ರಿಪೇರಿಯವನ ಅಂಗಡಿಗೂ ಬ್ಯೂಟಿ ಪಾರ್ಲರಿಗೂ ನಡುವೆ ಸಿಕ್ಕಿಹಾಕಿಕೊಂಡಂತೆ ಒಂದು ಫೋಟೋ ಸ್ಟುಡಿಯೋ ಇದೆ. ಅಲ್ಲಿ ಸುಮಾರು ನಲವತ್ತು ವರ್ಷ ಕೂತು ಊರಿನವರ ಮುಖಗಳನ್ನು ತಿದ್ದಿದ ಹೆಂಗಸನ್ನು ಬೀದಿಯವರೆಲ್ಲ ಟಚಿಂಗಕ್ಕ ಎಂದು ಕರೆಯುತ್ತಾರೆ. ಫೋಟೋ ತಿದ್ದುವ ಕೆಲಸಕ್ಕೆ ಸ್ಟುಡಿಯೋದವರು ಟಚಿಂಗ್ ಅನ್ನುತ್ತಾರೆ. ಆಕೆಗೆ ಆ ಕೆಲಸ ಬಿಟ್ಟು ಬೇರೆ ಬದುಕು ಇರಲಿಲ್ಲ ಅಂದರೂ ತಪ್ಪಿಲ್ಲ.

ಹದಿನೇಳನೇ ವಯಸ್ಸಿಗೆ ತಾಯಿ ತೀರಿಕೊಂಡಾಗ ಆಕೆಯ ಕೈಗೆ ಬಂದದ್ದು ಒಂಬತ್ತು ವರ್ಷದ ತಂಗಿ ಒಬ್ಬಳೇ. ಸ್ಟುಡಿಯೋ ಯಜಮಾನರ ಹೆಂಡತಿ ಕರೆದು ಕಿಟಕಿ ಪಕ್ಕದ ಇಳಿಜಾರು ಮೇಜಿನ ಮುಂದೆ ಕೂರಿಸಿ, ಸೂಜಿಮೊನೆಯಂತೆ ಕೆತ್ತಿದ ಪೆನ್ಸಿಲ್ ಕೊಟ್ಟು ಕೆಲಸ ಕಲಿಸಿದರು. ನೆಗೆಟಿವ್‌ನಲ್ಲಿ ಎಲ್ಲ ತಿರುಗುಮುರುಗು. ಕಪ್ಪು ಕೂದಲು ಬೆಳ್ಳಗೆ, ಬಿಳಿ ಹಲ್ಲು ಕಪ್ಪಗೆ ಕಾಣುತ್ತವೆ. ಮುಖದ ಮೇಲಿನ ಮಚ್ಚೆ ಅಲ್ಲಿ ಬೆಳಕು ತೂರಿಬರುವ ಸಣ್ಣ ಕಿಂಡಿ. ಆ ಕಿಂಡಿಯನ್ನು ಅಲ್ಪವಿರಾಮದಂಥ ಗೀರುಗಳನ್ನು ಎಳೆದೆಳೆದು ಮುಚ್ಚಬೇಕು. ಗೀರು ಹೆಚ್ಚಾದರೆ ಅಚ್ಚಾದ ಫೋಟೋದಲ್ಲಿ ಬಿಳಿ ಕಲೆ ಬೀಳುತ್ತದೆ, ಕಡಿಮೆಯಾದರೆ ಮಚ್ಚೆ ಇಣುಕುತ್ತದೆ. ಆಕೆಗೆ ಆರೇ ತಿಂಗಳಲ್ಲಿ ಕೈ ಕುದುರಿತು. ಯಜಮಾನರ ಹೆಂಡತಿ ಕನ್ನಡಕ ಮೇಲಕ್ಕೆತ್ತಿ ನೋಡಿ, "ಏನು ಕೈಗುಣನಮ್ಮ ನಿಂದು!" ಅಂದರಂತೆ. ಆ ಮಾತನ್ನು ಆಕೆ ವರ್ಷಗಟ್ಟಲೆ ಹೇಳಿಕೊಳ್ಳುತ್ತಿದ್ದಳು.

ಆಕೆಯ ಕೈಯಲ್ಲಿ ಎಷ್ಟೋ ಮೂಗುಗಳು ನೆಟ್ಟಗಾದವು, ಎಷ್ಟೋ ಕಿವಿಗಳು ಒಂದೇ ಮಟ್ಟಕ್ಕೆ ಬಂದವು. ಫೋಟೋ ತೆಗೆಯುವಾಗ ರೆಪ್ಪೆ ಮುಚ್ಚಿಬಿಟ್ಟ ಹೆಡ್ ಮಾಸ್ತರರಿಗೆ ಎರಡು ಕಣ್ಣು ಬರೆದುಕೊಟ್ಟಿದ್ದಳು. ಅವರು ಮನೆಗೆ ಹೋದಾಗ ಹೆಂಡತಿ, "ಇಷ್ಟು ಪ್ರೀತಿಯಿಂದ ನೀವು ನನ್ನನ್ನ ಒಂದು ದಿನನಾದ್ರೂ ನೋಡಿದೀರಾ?" ಅಂತ ಕೇಳಿದರಂತೆ. ಇನ್ನೊಬ್ಬ ಗುಮಾಸ್ತನ ಗುರುತಿನ ಚೀಟಿಯ ಅರ್ಜಿಯನ್ನು ಕಚೇರಿಯವರು ಮುಖಕ್ಕೆ ಎಸೆದು ಕಳಿಸಿದ್ದರು. ಅರ್ಜಿಯಲ್ಲಿ 'ಗುರುತು: ಬಲಗೆನ್ನೆಯ ಮೇಲೆ ಕಪ್ಪು ಮಚ್ಚೆ' ಅಂತ ಇತ್ತು. ಅಂಟಿಸಿದ ಫೋಟೋದಲ್ಲಿ ಕೆನ್ನೆ ತೊಳೆದ ತಟ್ಟೆಯ ಹಾಗಿತ್ತು. ಗುಮಾಸ್ತ ಸ್ಟುಡಿಯೋ ಬಾಗಿಲಲ್ಲಿ ನಿಂತು, "ಅಕ್ಕಾ, ನನ್ನ ಮಚ್ಚೆ ನಂಗೆ ವಾಪಸ್ ಕೊಡಿ" ಅಂತ ಗೋಳಾಡಿದ. ಬೀದಿಯೆಲ್ಲ ನಕ್ಕಿತು. ಆಕೆಯೂ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಆಮೇಲೆ ಕಂಪ್ಯೂಟರ್ ಬಂತು. ಪೆನ್ಸಿಲ್ ಹೋಗಿ ಮೌಸ್ ಬಂತು. ಹಿಂದಿನ ಕತ್ತಲೆಕೋಣೆ ಸಾಮಾನು ತುಂಬುವ ಕೋಣೆಯಾಯಿತು. ಮುಖಗಳು ಮಾತ್ರ ಅವೇ. ಕಂಪ್ಯೂಟರಿನಲ್ಲಿ ಮಚ್ಚೆ ತೆಗೆಯಲು ಅರೆಕ್ಷಣ ಸಾಕು. ಪರದೆಯ ಮುಂದೆ ಕೂತ ಗಿರಾಕಿಗಳು ಅದನ್ನು ನೋಡಿ ಮಂತ್ರ ಕಂಡಂತೆ ಬಾಯಿ ಬಿಡುತ್ತಿದ್ದರು. ಹೋಗುವ ಮುಂಚೆ ಗೋಡೆಯ ಕನ್ನಡಿ ನೋಡಿಕೊಂಡು ನಿಟ್ಟುಸಿರು ಬಿಡುತ್ತಿದ್ದರು. "ಇಲ್ಲಿಂದ್ಲೂ ಹಂಗೇ ತೆಗೆಯೋ ಹಂಗಿದ್ದಿದ್ರೆ ಎಷ್ಟು ಚೆನ್ನಾಗಿತ್ತು ಅಲ್ವಾ ಅಕ್ಕ?" ವರ್ಷಗಳಿಂದ ಕೇಳಿದ ಮಾತು. ಒಂದು ದಿನ ಅದು ಆಕೆಯ ತಲೆಯೊಳಗೆ ಹೊಕ್ಕು ಕೂತಿತು.

ಅದಕ್ಕೆ ಕಾರಣ ಹಳೆಯ ನೆನಪೊಂದು. ಕತ್ತಲೆಕೋಣೆಯಲ್ಲಿ ಫೋಟೋ ತೊಳೆಯುವಾಗ ಮೊದಲನೇ ತಟ್ಟೆಯ ರಸಾಯನದ ಕೆಲಸ ನಿಲ್ಲಿಸುವುದಕ್ಕೆ ಎರಡನೇ ತಟ್ಟೆಯಲ್ಲಿ ಹುಳಿ ನೀರು ಇರುತ್ತಿತ್ತು. ಕಂದು ಬಾಟಲಿಯ ಗಟ್ಟಿ ಆಸಿಡ್ಡಿನ ನಾಲ್ಕು ಹನಿಯನ್ನು ನೀರಿಗೆ ಬಿಟ್ಟರೆ ಕೋಣೆಯೆಲ್ಲ ಉಪ್ಪಿನಕಾಯಿ ಭರಣಿ ತೆರೆದಂಥ ವಾಸನೆ. ಒಮ್ಮೆ ಆ ಬಾಟಲಿಯಿಂದ ಯಜಮಾನರ ಹೆಬ್ಬೆರಳ ಮೇಲಿದ್ದ ನರಹುಲಿಯ ಮೇಲೆಯೇ ಒಂದು ಹನಿ ಬಿತ್ತು. ಉರಿ ತಾಳಲಾರದೆ ಅವರು ಕುಣಿದಾಡಿದರು. ನರಹುಲಿ ಬೆಳ್ಳಗಾಗಿ, ಕಪ್ಪಾಗಿ, ಹತ್ತನೇ ದಿನಕ್ಕೆ ಉದುರಿಹೋಯಿತು. ಮತ್ತೆ ಬರಲೇ ಇಲ್ಲ.

ಆ ಆಸಿಡ್ ಮಾರುತ್ತಿದ್ದ ಅಂಗಡಿ ಮುಚ್ಚಿ ವರ್ಷಗಳಾಗಿದ್ದವು. ಆದರೆ ಅಡುಗೆಮನೆಯ ವಿನೆಗರ್ ಅದೇ ವಸ್ತು, ನೀರು ಹೆಚ್ಚು ಅಷ್ಟೆ, ಅನ್ನುವುದು ಆಕೆಗೆ ಗೊತ್ತಿತ್ತು. ಸ್ಟುಡಿಯೋ ಮೇಲಿನ ಎರಡು ಕೋಣೆಯಲ್ಲಿ ಆಕೆ ಒಬ್ಬಳೇ ಇದ್ದಳು. ಕಿರಾಣಿ ಅಂಗಡಿಯಿಂದ ವಿನೆಗರ್ ತಂದು ಫ್ರೀಜರಿನಲ್ಲಿಟ್ಟಳು. ಗಡ್ಡೆ ಕಟ್ಟಿದ್ದನ್ನು ಗಾಜಿನ ಲೋಟದ ಮೇಲೆ ಬೋರಲು ಹಾಕಿದರೆ ಹುಳಿಯೆಲ್ಲ ಮೊದಲು ತೊಟ್ಟಿಕ್ಕಿ, ಬಾಟಲಿಯಲ್ಲಿ ಬರೀ ನೀರಿನ ಗಡ್ಡೆ ಉಳಿಯುತ್ತಿತ್ತು. ಇಳಿದದ್ದನ್ನು ಮತ್ತೆ ಗಡ್ಡೆ ಕಟ್ಟಿಸಿದಳು, ಮತ್ತೆ ಇಳಿಸಿದಳು. ಪ್ರತಿ ಸಲವೂ ಲೋಟದಲ್ಲಿ ಕಡಿಮೆಯಾಗುತ್ತ ಬಂತು, ವಾಸನೆ ಏರುತ್ತ ಹೋಯಿತು. ನಾಲ್ಕನೇ ಸಲ ಮುಚ್ಚಳ ತೆಗೆದಾಗ ಗಂಟಲು ಕಟ್ಟಿ ಕಣ್ಣಲ್ಲಿ ನೀರು ಬಂತು. ಆ ನೀರನ್ನು ಒರೆಸಿಕೊಳ್ಳುತ್ತ ಆಕೆ ನಕ್ಕಳು. ಕಂದು ಬಾಟಲಿಯ ಅದೇ ವಾಸನೆ.

ಮೊದಲು ತನ್ನ ಮುಂಗೈ ಮೇಲಿನ ಸಾಸಿವೆಕಾಳಿನಷ್ಟು ಮಚ್ಚೆಗೆ ಹಚ್ಚಿಕೊಂಡಳು. ಸುತ್ತ ಮುಲಾಮಿನ ಕಟ್ಟೆ ಕಟ್ಟಿ, ಟಚಿಂಗಿನ ಅತಿ ಸಣ್ಣ ಕುಂಚದಿಂದ ಒಂದು ಹನಿ ಬಿಟ್ಟಳು. ಹಲ್ಲು ಕಚ್ಚಿಕೊಂಡು ನೂರು ಎಣಿಸಿದಳು. ಎಂಟನೇ ದಿನಕ್ಕೆ ಹಕ್ಕಳೆ ಉದುರಿತು. ಅಡಿಯಲ್ಲಿ ಗುಲಾಬಿ ಬಣ್ಣದ ಹೊಸ ಚರ್ಮ. ಆಕೆ ಕಿಟಕಿಯ ಬೆಳಕಿಗೆ ಕೈ ಹಿಡಿದು ಎಷ್ಟೋ ಹೊತ್ತು ನೋಡಿದಳು.

ಎರಡನೆಯವಳು ಪಕ್ಕದ ಪಾರ್ಲರಿನ ಹೆಂಗಸು. ಆಕೆಯ ಗಲ್ಲದ ಮೇಲಿನ ಮಚ್ಚೆ ಹೋದ ಮೇಲೆ ಬಾಯಿಂದ ಬಾಯಿಗೆ ಸುದ್ದಿ ಹಬ್ಬಿತು. ಫೋಟೋಗೆ ಬಂದವರು ಪಿಸುದನಿಯಲ್ಲಿ ಕೇಳತೊಡಗಿದರು. ಟಚಿಂಗಕ್ಕ ಯಾರಿಂದಲೂ ದುಡ್ಡು ಮುಟ್ಟಲಿಲ್ಲ. ಮಹಡಿಯ ಕಿಟಕಿಯ ಪಕ್ಕ ಕುರ್ಚಿ ಹಾಕಿ ಕೂರಿಸಿ, ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಉಸಿರು ಬಿಗಿಹಿಡಿದು ಹನಿ ಬಿಡುತ್ತಿದ್ದಳು. ಕಾಗದದ ಮೇಲೆ ಮಾಡಿದ್ದು ಈಗ ಜೀವಂತ ಮುಖದ ಮೇಲೆ ಆಗುತ್ತಿತ್ತು. ಅದರ ಅಮಲು ಸಣ್ಣದಲ್ಲ.

ಯಜಮಾನರಿಗೆ ಆಗಲೇ ವಯಸ್ಸಾಗಿತ್ತು. ಹೆಂಡತಿ ಹೋದ ಮೇಲೆ ಅವರು ಸ್ಟುಡಿಯೋಗೆ ಬಂದು ಪೇಪರ್ ಹಿಡಿದು ಕೂರುವುದಷ್ಟೇ ಮಾಡುತ್ತಿದ್ದರು. ಮೆಟ್ಟಿಲು ಹತ್ತಿಹೋಗುವವರನ್ನು ಎರಡು ತಿಂಗಳು ನೋಡಿ ಒಂದು ದಿನ ಪೇಪರ್ ಮಡಿಸಿದರು.

"ಏನಮ್ಮ ಮೇಲೆ ಆಸ್ಪತ್ರೆ ತೆಗ್ದಿದೀಯಂತೆ?"

"ಅಯ್ಯೋ, ಆಸ್ಪತ್ರೆ ಏನು ಬಂತು ಸಾರ್. ವಿನೆಗರ್ರು. ಜನ ತಿನ್ನೋ ವಸ್ತು."

"ತಿನ್ನೋದು ಬೇರೆ. ನನ್ನ ಬೆರಳು ಎಷ್ಟು ಉರೀತು ಅಂತ ನಂಗೊತ್ತು. ಅದು ಚರ್ಮ ಕಣಮ್ಮ. ಒಳಗೇನಿದೆ ಅಂತ ನಿಂಗೇನು ಕಾಣುತ್ತೆ?"

"ನಿಮ್ಮ ಬೆರಳು ಈಗ ಚೆನ್ನಾಗೇ ಇದೆಯಲ್ಲ ಸಾರ್" ಅಂದಳು. ಅವರು ಬೆರಳು ನೋಡಿಕೊಂಡು ಮತ್ತೆ ಪೇಪರ್ ಬಿಡಿಸಿದರು.

ಎಚ್ಚರಿಕೆ ಅಷ್ಟಕ್ಕೇ ನಿಲ್ಲಲಿಲ್ಲ. ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ಹುಡುಗಿಯೊಬ್ಬಳಿಗೆ ರೆಪ್ಪೆಯ ಕೆಳಗೆ ಹನಿ ಬಿಡುವಾಗ ಆ ಹುಡುಗಿ ಸೀನಿದಳು. ಹನಿ ಜಾರಿ ಕಣ್ಣಿನ ಅಂಚಿಗೆ ಹೋಯಿತು. ಕೊಳಾಯಿ ಕೆಳಗೆ ಅರ್ಧ ಗಂಟೆ ಮುಖ ಹಿಡಿಸಿದಳು ಟಚಿಂಗಕ್ಕ. ಕಣ್ಣು ಉಳಿಯಿತು, ಆದರೆ ರೆಪ್ಪೆಯ ಕೆಳಗೆ ಚರ್ಮ ಸುಟ್ಟು, ಒಣಗಿದಾಗ ಮೂಲೆಯನ್ನು ಕೆಳಕ್ಕೆ ಎಳೆದಂತಾಯಿತು. ಆ ಹುಡುಗಿ ಆಮೇಲೆ ನಗುವಾಗಲೂ ಒಂದು ಕಣ್ಣು ಅಳುತ್ತಿರುವಂತೆ ಕಾಣುತ್ತಿತ್ತು. ಟಚಿಂಗಕ್ಕನಿಗೆ ಎರಡು ದಿನ ಅನ್ನ ಸೇರಲಿಲ್ಲ. ಮೂರನೇ ದಿನ, ಸೀನಿದ್ದು ತನ್ನ ತಪ್ಪಲ್ಲವಲ್ಲ ಅಂತ ತನಗೆ ತಾನೇ ಹೇಳಿಕೊಂಡಳು. ಕಣ್ಣಿನ ಹತ್ತಿರ ಮಾಡುವುದನ್ನು ಬಿಟ್ಟಳು. ಉಳಿದದ್ದು ನಡೆದೇ ಇತ್ತು.

ಇಷ್ಟರಲ್ಲಿ ತಂಗಿಯ ಮಾತು ಬಂತು.

ತಂಗಿಗೆ ಆಗ ನಲವತ್ತೈದು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಬಟ್ಟೆ ಅಂಗಡಿಯಲ್ಲಿ ಕೆಲಸ. ಬೆಳಗಿನಿಂದ ಸಂಜೆವರೆಗೆ ಮೇಲಿನ ಹಲಗೆಯಿಂದ ಬಟ್ಟೆ ಸುತ್ತಿದ ಥಾನು ಇಳಿಸಿ, ಮೇಜಿನ ಮೇಲೆ ಹರವಿ, ಮೀಟರ್ ಕಡ್ಡಿ ಹಿಡಿದು ಅಳೆದು ಹರಿದುಕೊಡಬೇಕು. ಬಾಯಿ ಜೋರು, ಕೈ ಚುರುಕು. ಅವಳು "ನಿಮಗೆ ಈ ಬಣ್ಣ ಒಪ್ಪಲ್ಲ, ಸುಳ್ಳು ಹೇಳೋಕೆ ನಂಗೆ ಬರಲ್ಲ" ಅಂದರೆ ಗಿರಾಕಿಗಳು ಆ ಬಣ್ಣವನ್ನೇ ಎರಡು ಮೀಟರ್ ಹೆಚ್ಚು ಕೊಳ್ಳುತ್ತಿದ್ದರು. ಒಬ್ಬಳೇ ಮಗಳು, ಇಪ್ಪತ್ತನಾಲ್ಕು ವರ್ಷ, ಬಸ್ ಕಂಡಕ್ಟರ್. ಮಗಳಿಗೆ ಟಚಿಂಗಕ್ಕ ದೊಡ್ಡಮ್ಮ. ಎತ್ತಿ ಆಡಿಸಿದ ಮಗು.

ತಂಗಿಯ ಎಡಗಿವಿಯ ಕೆಳಗೆ, ಕುತ್ತಿಗೆಯ ಮೇಲೆ, ಚಿಕ್ಕಂದಿನಿಂದಲೂ ಒಂದು ಮಚ್ಚೆ ಇತ್ತು. ತಾಯಿ ಇದ್ದಾಗ ಮೆಣಸಿನಕಾಳು ಅನ್ನುತ್ತಿದ್ದರು. ಅಂಗಡಿಯಲ್ಲಿ ಅಳತೆಯ ಟೇಪನ್ನು ಹೆಗಲಿಗೆ ಹಾಕಿಕೊಂಡೇ ಇರುವುದರಿಂದ ಅದು ಆ ಮಚ್ಚೆಗೆ ಉಜ್ಜುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ತಂಗಿ ಮಹಡಿಗೆ ಬಂದು ಕಿಟಕಿ ಪಕ್ಕದ ಕುರ್ಚಿಯಲ್ಲಿ ತಾನಾಗಿಯೇ ಕೂತಳು.

"ಊರೋರಿಗೆಲ್ಲ ಮಾಡ್ತೀಯಂತೆ. ಒಡಹುಟ್ಟಿದೋಳು ನೆನಪಾಗ್ಲಿಲ್ವಾ ಅಕ್ಕ? ಇದು ಯಾಕೋ ಕೆರೀತಾ ಇರುತ್ತೆ. ಮೊನ್ನೆ ಟೇಪಿಗೆ ಸಿಕ್ಕಿ ರಕ್ತ ಬಂತು."

ಟಚಿಂಗಕ್ಕ ಕೂದಲು ಸರಿಸಿ ನೋಡಿದಳು. ಆ ಮಚ್ಚೆಯನ್ನು ಆಕೆ ಬಲ್ಲಳು. ತಂಗಿಯ ಪ್ರತಿ ಹುಟ್ಟುಹಬ್ಬಕ್ಕೂ ಒಂದು ಫೋಟೋ ತೆಗೆದು ಮಚ್ಚೆಯನ್ನು ಅಳಿಸಿದವಳು ಆಕೆಯೇ. ಕಂಪ್ಯೂಟರ್ ಬಂದ ಮೇಲೆ ಸರಿಯಾಗಿ ನೋಡದೆಯೇ ಅಳಿಸುತ್ತಿದ್ದಳು. ಅದು ದುಂಡಗೆ ಇರುತ್ತಿತ್ತು. ಈಗ ಒಂದು ಬದಿ ಚೆಲ್ಲಿದ ಶಾಯಿಯಂತೆ ಹರಡಿತ್ತು. ನಡುವೆ ಕಪ್ಪು, ಅಂಚಿಗೆ ಕಂದು, ಒಂದು ಕಡೆ ನೀಲಿ ಛಾಯೆ.

"ಯಾವಾಗಿಂದ ಹಿಂಗಾಗಿದೆ ಇದು?"

"ಯಾರಿಗ್ಗೊತ್ತು? ನನ್ನ ಕುತ್ತಿಗೆ ನಂಗೆ ಕಾಣುತ್ತಾ? ಬೇಗ ಮಾಡು, ಮಗಳು ಡ್ಯೂಟಿ ಮುಗಿಸಿ ಊಟಕ್ಕೆ ಬರ್ತಾಳೆ."

ಡಾಕ್ಟರಿಗೆ ತೋರಿಸೋಣ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು ಅಂತ ಟಚಿಂಗಕ್ಕ ಆಮೇಲೆ ಎಷ್ಟೋ ಸಲ ಹೇಳಿಕೊಂಡಿದ್ದಾಳೆ. ಬಂದ ಮಾತು ಬಾಯಿಂದ ಆಚೆ ಬರಲಿಲ್ಲ. ತಂಗಿ ನಂಬಿಕೆಯಿಂದ ಕಣ್ಣು ಮುಚ್ಚಿ ಕುತ್ತಿಗೆ ಚಾಚಿದ್ದಳು. ಹದಿಮೂರು ಜನರಿಗೆ ಹನಿ ಬಿಟ್ಟ ಕೈ ತಾನಾಗಿಯೇ ಬಾಟಲಿಯ ಕಡೆ ಹೋಯಿತು.

ಉಳಿದವರಿಗೆ ಒಂದು ಸಲಕ್ಕೆ ಹೋಗುತ್ತಿದ್ದದ್ದು ಇಲ್ಲಿ ಹೋಗಲಿಲ್ಲ. ಹಕ್ಕಳೆ ಉದುರಿದಾಗ ಗುಳಿಯ ತಳದಲ್ಲಿ ಮಸಿಯಂಥ ಕರಿ ಉಳಿದಿತ್ತು. ಎರಡನೇ ಸಲ ಹಚ್ಚಿದಾಗ ನೀರು ಸೋರಿ, ಕೀವಾಗಿ, ಕುತ್ತಿಗೆ ಬಾತುಕೊಂಡಿತು. ತಂಗಿ ಒಂದು ವಾರ ಕೆಲಸಕ್ಕೆ ರಜೆ ಹಾಕಿದಳು. ಆದರೂ ಗುಳಿಯ ಒಂದು ಮೂಲೆಯಲ್ಲಿ ಮೊನಚು ಪೆನ್ಸಿಲಿನಿಂದ ಇಟ್ಟಂತೆ ಒಂದು ಚುಕ್ಕೆ. ಟಚಿಂಗಕ್ಕನಿಗೆ ಹಟ ಹುಟ್ಟಿತು. ವಿನೆಗರನ್ನು ಇನ್ನೂ ಎರಡು ಸಲ ಫ್ರೀಜರಿಗಿಟ್ಟು ಇಳಿಸಿದಳು. ಲೋಟದ ತಳ ಮುಚ್ಚುವಷ್ಟು ಮಾತ್ರ ಉಳಿಯಿತು. ಮೂರನೇ ಸಲ ಅದನ್ನು ಬಿಟ್ಟಾಗ ತಂಗಿ ಕುರ್ಚಿಯ ಕೈ ಹಿಡಿದು, "ಅಮ್ಮಾ" ಅಂದಳು. ಅವಳು ಹಾಗೆ ಕೂಗಿದ್ದನ್ನು ಅಕ್ಕ ಕೇಳಿದ್ದು ಹೆರಿಗೆಯಲ್ಲಿ ಬಿಟ್ಟರೆ ಅದೇ.

ಈ ಸಲ ಹೋಯಿತು. ಗಾಯ ಮಾಗಿ, ಚಪ್ಪಟೆ ಬಿಳಿ ಕಲೆಯಾಯಿತು. ಕಪ್ಪು ಎಲ್ಲೂ ಇರಲಿಲ್ಲ. ತಂಗಿ ಕನ್ನಡಿಗೆ ಬೆನ್ನು ಮಾಡಿ, ಕೈಗನ್ನಡಿ ಹಿಡಿದು ನೋಡಿಕೊಂಡಳು. "ನಿನ್ನ ಕೈಗುಣಕ್ಕೆ ಏನು ಹೇಳ್ಲಿ ಅಕ್ಕ!" ಅಂದಳು.

ಒಂಬತ್ತು ತಿಂಗಳು ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ತಲೆ ಬಾಚಿಕೊಳ್ಳುವಾಗ ತಂಗಿಯ ದವಡೆಯ ಕೆಳಗೆ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತು. ಹಲ್ಲುನೋವಿನದಿರಬೇಕು ಅಂದುಕೊಂಡಳು. ಅದು ನೋಯಲಿಲ್ಲ. ನೋಯದೇ ಇದ್ದದ್ದೇ ಅವಳಿಗೆ ಸಮಾಧಾನ. ಎರಡು ತಿಂಗಳಲ್ಲಿ ಅದು ಗೋಲಿಯಷ್ಟಾಯಿತು, ಪಕ್ಕದಲ್ಲಿ ಇನ್ನೊಂದು ಎದ್ದಿತು. ಮಗಳು ಒಂದು ದಿನದ ಡ್ಯೂಟಿ ಬಿಟ್ಟು ತಾಯಿಯನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ದೊಡ್ಡಮ್ಮನೂ ಜೊತೆಗೆ ಹೋದಳು.

ಗಂಟಿಗೆ ಸೂಜಿ ಚುಚ್ಚಿ ಮಾಡಿದ ಪರೀಕ್ಷೆಯ ಫಲ ಬಂದ ದಿನ ಅವರನ್ನು ಚರ್ಮದ ಡಾಕ್ಟರ ಹತ್ತಿರ ಕಳಿಸಿದರು. ಡಾಕ್ಟರು ಹೆಂಗಸು, ಗಂಭೀರ ಮುಖ. ತಂಗಿಯ ತಲೆಯಿಂದ ಕಾಲಿನವರೆಗೂ ದೀಪ ಹಿಡಿದು ನೋಡಿ, ಕೊನೆಗೆ ಕುತ್ತಿಗೆಯ ಬಿಳಿ ಕಲೆಯ ಮೇಲೆ ಬೆರಳಿಟ್ಟರು.

"ಇಲ್ಲೇನಿತ್ತು?"

"ಮಚ್ಚೆ ಇತ್ತು. ತೆಗೆಸ್ದೆ."

"ಯಾವ ಆಸ್ಪತ್ರೇಲಿ?"

ತಂಗಿ ಅಕ್ಕನ ಕಡೆ ನೋಡಿದಳು. ಟಚಿಂಗಕ್ಕ ಒಂದು ಹೆಜ್ಜೆ ಮುಂದೆ ಬಂದಳು. "ನಾನೇ ತೆಗೆದೆ ಡಾಕ್ಟ್ರೇ. ಮನೇಲಿ. ವಿನೆಗರ್ ಹಾಕಿ."

ಡಾಕ್ಟರು ಬೈಯುತ್ತಾರೆ ಅಂದುಕೊಂಡಿದ್ದಳು. ಅವರು ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು. "ಉದುರಿದ್ದನ್ನ ಏನು ಮಾಡಿದ್ರಿ? ಇಟ್ಟಿದೀರಾ?"

"ಕಸಕ್ಕೆ ಹಾಕ್ದೆ."

"ನೋಡಿ, ಗಂಟಿನಲ್ಲಿರೋದು ಮಚ್ಚೆಯಿಂದ ಹುಟ್ಟೋ ಕ್ಯಾನ್ಸರು. ಅದು ಮೊದಲು ಎಲ್ಲಿತ್ತು, ಎಷ್ಟು ಆಳಕ್ಕೆ ಇಳಿದಿತ್ತು ಅಂತ ಅಳೆದು ನಾವು ಮುಂದಿನದನ್ನ ಯೋಚಿಸ್ತೀವಿ. ಇಲ್ಲಿ ಅಳೆಯೋದಕ್ಕೆ ಏನೂ ಉಳಿದಿಲ್ಲ. ಮೇಲೆ ಸುಟ್ಟಿದೆ, ಕೆಳಗೆ ಅದು ತನ್ನ ಪಾಡಿಗೆ ಹೋಗಿದೆ. ಮಚ್ಚೆ ಇದ್ದಾಗಲೇ ತೋರಿಸಿದ್ರೆ ಬುಡಸಮೇತ ಕತ್ತರಿಸಿ ಪರೀಕ್ಷೆಗೆ ಕಳಿಸ್ತಿದ್ವಿ. ಬಹಳ ಜನರಿಗೆ ಅಷ್ಟರಲ್ಲೇ ಮುಗಿಯುತ್ತೆ."

ಡಾಕ್ಟರು ಏನೋ ಬರೆದುಕೊಂಡು ತಲೆ ಎತ್ತಿದರು. "ಹಳೇ ಫೋಟೋಗಳಿದ್ರೆ ತನ್ನಿ. ಕುತ್ತಿಗೆ ಕಾಣೋವು. ಅದು ಯಾವಾಗ ಬದಲಾಗೋಕೆ ಶುರುವಾಯ್ತು ಅಂತ ಒಂದು ಅಂದಾಜಾದ್ರೂ ಸಿಗುತ್ತೆ."

ಮಗಳು ಅಲ್ಲಿಯವರೆಗೂ ಗೋಡೆಗೆ ಒರಗಿ ನಿಂತಿದ್ದಳು. "ಫೋಟೋಗೇನು ಡಾಕ್ಟ್ರೇ, ರಾಶಿ ಇದಾವೆ" ಅಂದಳು. "ಎಲ್ಲ ದೊಡ್ಡಮ್ಮನೇ ತೆಗೆದಿರೋದು. ಒಂದರಲ್ಲೂ ಮಚ್ಚೆ ಇರಲ್ಲ."

ಆ ಮಾತು ನಿಜವಾಗಿತ್ತು. ಕಂಪ್ಯೂಟರಿನ ಫೋಟೋಗಳನ್ನೆಲ್ಲ ತಿದ್ದಿದ ಮೇಲೆ ಮೂಲವನ್ನು ಅಳಿಸಿಬಿಡುವುದು ಆಕೆಯ ರೂಢಿ. ಮರುದಿನ ಮಧ್ಯಾಹ್ನ ಆಕೆ ಹಿಂದಿನ ಕತ್ತಲೆಕೋಣೆಯ ಸಾಮಾನು ಎಳೆದೆಸೆದು ನೆಗೆಟಿವ್‌ಗಳ ಪೆಟ್ಟಿಗೆ ಹುಡುಕಿದಳು. ತಂಗಿಯ ಹೆಸರಿನ ಲಕೋಟೆಯಲ್ಲಿ ಇಪ್ಪತ್ತೆರಡು ನೆಗೆಟಿವ್ ಇದ್ದವು. ಒಂದೊಂದರಲ್ಲೂ ಕಿವಿಯ ಕೆಳಗೆ ತನ್ನದೇ ಪೆನ್ಸಿಲಿನ ಗೀರುಗಳು. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಮೆಲ್ಲಗೆ ಒರೆಸಿದಳು. ಗೀರು ಕರಗಿ ಹತ್ತಿಗೆ ಬಂತು. ಒಂದು ಸಣ್ಣ ಕಿಂಡಿ ತೆರೆದು ಕಿಟಕಿಯ ಬೆಳಕು ಅದರಿಂದ ತೂರಿಬಂತು. ಒಂದು ಕಾಲಕ್ಕೆ ಊರಿಗೇ ತೋರಿಸಿ ಹೆಮ್ಮೆಪಟ್ಟ ಕೆಲಸ. ಈಗ ಇಪ್ಪತ್ತೆರಡನ್ನೂ ಕೂತು ಒರೆಸಿದಳು. ಯಜಮಾನರು ಬಾಗಿಲಲ್ಲಿ ಬಂದು ನಿಂತರು. ಹತ್ತಿ ಮುಗಿದಾಗ ತಾವೇ ಹೋಗಿ ಇನ್ನೊಂದು ಕಟ್ಟು ತಂದುಕೊಟ್ಟರು.

ಇಪ್ಪತ್ತೆರಡು ವರ್ಷವೂ ಅದು ದುಂಡಗೆ, ಮೆಣಸಿನಕಾಳಿನಷ್ಟೇ ಇತ್ತು. ಆಮೇಲಿನ ವರ್ಷಗಳಿಗೆ ಮಗಳ ಮೊಬೈಲಿನಲ್ಲಿದ್ದ ಒಂದೇ ಒಂದು ಫೋಟೋ ಸಿಕ್ಕಿತು. ಅಡುಗೆಮನೆಯಲ್ಲಿ ತಾಯಿ ತಿರುಗಿ ನಗುತ್ತಿದ್ದಾಗ ತೆಗೆದದ್ದು, ಟಚಿಂಗಕ್ಕನಿಂದ ಹನಿ ಹಾಕಿಸಿಕೊಳ್ಳುವುದಕ್ಕೆ ಒಂದು ವರ್ಷ ಮೊದಲಿನದು. ದೊಡ್ಡದು ಮಾಡಿ ನೋಡಿದಾಗ ಅಂಚು ಆಗಲೇ ಹರಡಲು ಶುರುವಾಗಿತ್ತು.

"ಒಂದು ವರ್ಷ ಟೈಮ್ ಇತ್ತು" ಅಂದರು ಡಾಕ್ಟರು, ಫೋಟೋ ಹಿಂದಿರುಗಿಸುತ್ತ.

ಶಸ್ತ್ರಚಿಕಿತ್ಸೆ ಏಳು ಗಂಟೆ ಹಿಡಿಯಿತು. ಕಲೆಯ ಸುತ್ತಲಿನ ಚರ್ಮವನ್ನೂ ಕುತ್ತಿಗೆಯ ಒಂದು ಬದಿಯ ಗಂಟುಗಳೆಲ್ಲವನ್ನೂ ತೆಗೆದರು. ಕಿವಿಯಿಂದ ಭುಜದವರೆಗೆ ಹೊಲಿಗೆ. ಗಂಟಿನ ಜೊತೆ ಒಂದು ನರಕ್ಕೂ ಪೆಟ್ಟಾದ್ದರಿಂದ ಎಡಗೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಥಾನು ಇಳಿಸುವ ಕೆಲಸ ಅಲ್ಲಿಗೆ ಮುಗಿಯಿತು. ಅಂಗಡಿಯವರು ಒಳ್ಳೆಯವರು, ಕೂತು ಬಿಲ್ಲು ಬರೆಯುವ ಕೆಲಸ ಕೊಟ್ಟರು. ಕೂತ ಕಡೆ ತಂಗಿಯ ಬಾಯಿ ಮಾತ್ರ ಸತ್ತುಹೋಯಿತು.

ಮಗಳು ದೊಡ್ಡಮ್ಮನನ್ನು ಹುಟ್ಟಿದಾಗಿನಿಂದ "ನೀನು" ಅನ್ನುತ್ತಿದ್ದವಳು. ಆಸ್ಪತ್ರೆಯ ವರಾಂಡದಲ್ಲಿ ಊಟದ ಡಬ್ಬಿ ಹಿಡಿದು ಬಂದ ದೊಡ್ಡಮ್ಮನನ್ನು ತಡೆದು, "ನೀವು ಬರೋದು ಬೇಡ. ನಾನು ನೋಡ್ಕೋತೀನಿ" ಅಂದಳು. ಟಚಿಂಗಕ್ಕ ಎಂಥ ಬೈಗುಳಕ್ಕೂ ಮನಸ್ಸು ಗಟ್ಟಿಮಾಡಿಕೊಂಡಿದ್ದಳು. ಆ 'ನೀವು' ಮಾತ್ರ ಎದೆಗೆ ನಾಟಿತು. ಡಬ್ಬಿಯನ್ನು ಬೆಂಚಿನ ಮೇಲಿಟ್ಟು ಹಿಂದಿರುಗಿದಳು.

ತಂಗಿ ಮೊದಮೊದಲು, "ನಾನೇ ಕೇಳಿದ್ದು, ನಾನೇ ಕುತ್ತಿಗೆ ಒಡ್ಡಿದ್ದು, ಅವಳದ್ದೇನಿದೆ" ಅಂತ ಮಗಳಿಗೆ ಹೇಳುತ್ತಿದ್ದಳು. ಮನೆಗೆ ಬಂದ ಮೇಲೆ ಒಂದು ಸಂಜೆ ಅಕ್ಕ ನೋಡಲು ಹೋದಾಗ ಒಂದೇ ಕೈಯಲ್ಲಿ ತಲೆ ಬಾಚಿಕೊಳ್ಳಲು ಹೆಣಗುತ್ತಿದ್ದಳು. ಅಕ್ಕ ಬಾಚಣಿಗೆಗೆ ಕೈ ಚಾಚಿದಾಗ ಸರಕ್ಕನೆ ಹಿಂದೆ ಎಳೆದುಕೊಂಡಳು.

"ನಂಗೆ ಬುದ್ಧಿ ಇರ್ಲಿಲ್ಲ, ಕೇಳ್ದೆ. ನೀನು ಬೇಡ ಅನ್ನಬಾರ್ದಿತ್ತಾ? ದೊಡ್ಡೋಳಲ್ವಾ ನೀನು?"

ಟಚಿಂಗಕ್ಕ ಅವಳ ಹಿಂದೆಯೇ ಕೂತಳು. ಕೊನೆಗೆ ತಂಗಿಯೇ ಬಾಚಣಿಗೆಯನ್ನು ಹಿಂದಕ್ಕೆ ಚಾಚಿ, "ಸಿಕ್ಕು ಮೆತ್ತಗೆ ಬಿಡಿಸು" ಅಂದಳು.

ಆ ವಾರ ಆಕೆ ಬಾಟಲಿಗಳನ್ನು ಬಚ್ಚಲಿಗೆ ಸುರಿದು ನೀರು ಬಿಟ್ಟಳು. ಹಿಂದೆ ಹನಿ ಹಾಕಿದವರ ಮನೆಮನೆಗೆ ಹೊರಟಳು. ತಂಗಿಯನ್ನು ಬಿಟ್ಟು ಹದಿಮೂರು ಜನ. ಹೆಸರು ಬರೆದಿಟ್ಟುಕೊಂಡಿರಲಿಲ್ಲ, ಆದರೆ ಪ್ರತಿ ಮುಖವೂ, ಮಚ್ಚೆಯ ಜಾಗವೂ ಕಣ್ಣಿಗೆ ಕಟ್ಟಿದಂತಿತ್ತು. ಒಬ್ಬೊಬ್ಬರಿಗೂ ಆದದ್ದನ್ನು ಹೇಳಿ, "ಒಂದ್ಸಲ ಡಾಕ್ಟರಿಗೆ ತೋರಿಸ್ಬಿಡಿ" ಅಂದಳು. ಒಬ್ಬರು ಗಾಬರಿಯಾಗಿ ಅಂದೇ ಹೋದರು. ಒಬ್ಬರು ಕೂರಿಸಿ ಕಾಫಿ ಕೊಟ್ಟು, ನಕ್ಕು ಕಳಿಸಿದರು. ಇನ್ನೊಬ್ಬರ ಗಂಡ ಬಾಗಿಲಲ್ಲೇ ನಿಂತು ಕೂಗಾಡಿದ. ಬ್ಯಾಂಕಿನ ಹುಡುಗಿ ಎಲ್ಲ ಕೇಳಿ, ಎಳೆದ ಕಣ್ಣಿನಿಂದ ನೋಡುತ್ತ, "ನಂಗೆ ಇಷ್ಟರಲ್ಲೇ ಮುಗೀತು ಅಂತ ಖುಷಿ ಪಡಬೇಕಾ ಆಂಟಿ?" ಅಂತ ಕೇಳಿದಳು.

ಕೊನೆಗೆ ಪಾರ್ಲರಿಗೆ ಹೋದಳು. ಪಕ್ಕದಲ್ಲೇ ಇದ್ದದ್ದನ್ನು ಕೊನೆಗೆ ಉಳಿಸಿಕೊಂಡದ್ದಕ್ಕೆ ಕಾರಣವಿತ್ತು. ವಿನೆಗರ್ ಇಳಿಸುವ ವಿಧಾನವನ್ನು ಆಕೆ ಪಾರ್ಲರಿನವಳಿಗೆ ಹೇಳಿಕೊಟ್ಟಿದ್ದಳು. ಒಳಗೆ ಹೋದಾಗ ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಬೆರಳುದ್ದದ ಬಾಟಲಿಗಳು ಸಾಲಾಗಿ ನಿಂತಿದ್ದವು. ಗುಲಾಬಿ ಚೀಟಿ ಅಂಟಿಸಿತ್ತು. 'ಮಚ್ಚೆ ಮಾಯ. ಪೂರ್ತಿ ನೈಸರ್ಗಿಕ.'

"ಇದನ್ನ ನಿಲ್ಲಿಸ್ಬೇಕು ಕಣೇ" ಅಂದಳು ಟಚಿಂಗಕ್ಕ. ತಂಗಿಯ ಕಥೆ ಪೂರ್ತಿ ಹೇಳಿದಳು.

ಪಾರ್ಲರಿನವಳು ಅಯ್ಯೋ ಪಾಪ ಅಂದಳು, ಕಣ್ಣೂ ಒರೆಸಿಕೊಂಡಳು. ಆಮೇಲೆ ದನಿ ತಗ್ಗಿಸಿ, "ಅದು ಅವರ ಮೈಯಲ್ಲೇ ಇತ್ತು ಅಕ್ಕ. ನೀವು ತೆಗೀದೆ ಇದ್ರೂ ಬರ್ತಿತ್ತು. ಎಲ್ಲರಿಗೂ ಹಂಗಾಗುತ್ತಾ? ನನ್ನ ಗಲ್ಲ ನೋಡಿ" ಅಂದಳು.

"ಯಾರಿಗೆ ಆಗುತ್ತೆ ಅಂತ ನಿಂಗೆ ಗೊತ್ತಾಗುತ್ತಾ? ನಂಗೆ ಗೊತ್ತಾಯ್ತಾ?"

"ಪಕ್ಕದೂರಿಂದ್ಲೂ ಫೋನ್ ಮಾಡಿ ತರಿಸ್ಕೋತಾರೆ. ನಾನು ನಿಲ್ಸಿದ್ರೆ ಅವರೇ ಮಾಡ್ಕೋತಾರೆ. ಹೆಂಗೆ ಮಾಡೋದು ಅಂತ ಎಲ್ಲರಿಗೂ ಗೊತ್ತಿದೆ ಈಗ." ಅಷ್ಟರಲ್ಲಿ ಬಾಗಿಲಿನ ಪರದೆ ಸರಿಯಿತು. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡ ಹೆಂಗಸೊಬ್ಬಳು ಒಳಗೆ ಬಂದು ಬಾಟಲಿಯ ಕಡೆ ಕೈ ತೋರಿಸಿದಳು. ಯಾರಿಗೆ ಅಂತ ಕೇಳಿದಾಗ ಮಗುವಿನ ಬೆನ್ನಿನ ಅಂಗಿ ಎತ್ತಿದಳು. ಅಂಗೈಯಗಲದ ಕರಿ ಮಚ್ಚೆ.

ಟಚಿಂಗಕ್ಕ ಆ ಹೆಂಗಸಿನ ಕೈ ಹಿಡಿದುಕೊಂಡು ಆಚೆ ಕರೆತಂದಳು, ಆಸ್ಪತ್ರೆಯವರೆಗೂ ಜೊತೆಗೆ ನಡೆದಳು. ಆ ಮಗುವನ್ನು ಅದೇ ಡಾಕ್ಟರು ನೋಡಿದರು, ವರ್ಷಕ್ಕೆರಡು ಸಲ ತಂದು ತೋರಿಸಲು ಹೇಳಿದರು. ಆಕೆ ಹಿಂದಿರುಗುವ ಹೊತ್ತಿಗೆ ಪಾರ್ಲರಿನ ಹಲಗೆಯ ಮೇಲೆ ಎರಡು ಬಾಟಲಿ ಕಡಿಮೆಯಾಗಿದ್ದವು. ಆಮೇಲೆ ಪೊಲೀಸ್ ಠಾಣೆಗೂ ಆರೋಗ್ಯ ಇಲಾಖೆಯ ಕಚೇರಿಗೂ ಅರ್ಜಿ ಬರೆದುಕೊಟ್ಟಳು. ಅರ್ಜಿಯ ಮೊದಲ ಸಾಲಲ್ಲೇ 'ಇದನ್ನು ಹೇಳಿಕೊಟ್ಟವಳು ನಾನು' ಅಂತಿತ್ತು. ಇಲಾಖೆಯ ಇಬ್ಬರು ಬಂದು ನೋಡಿ, ವಿನೆಗರ್ ಮಾರುವುದು ಅಪರಾಧವೇ ಅಂತ ತಮ್ಮತಮ್ಮಲ್ಲೇ ಚರ್ಚೆ ಮಾಡಿಕೊಂಡು ಹೋದರು. ಹಲಗೆಯಿಂದ ಬಾಟಲಿಗಳು ಮಾಯವಾದವು. ಮೇಜಿನ ಕೆಳಗೆ ಇವೆ ಅಂತ ಬೀಗ ರಿಪೇರಿಯವನು ಹೇಳುತ್ತಾನೆ.

ಇದೆಲ್ಲ ಆಗಿ ಒಂದೂವರೆ ವರ್ಷವಾಯಿತು. ತಂಗಿಗೆ ಮೂರು ವಾರಕ್ಕೊಮ್ಮೆ ಇಂಜೆಕ್ಷನ್, ಮೂರು ತಿಂಗಳಿಗೊಮ್ಮೆ ಸ್ಕ್ಯಾನ್. ಮೊದಲ ಐದು ಸ್ಕ್ಯಾನುಗಳಲ್ಲಿ ಏನೂ ಇರಲಿಲ್ಲ. ಬಿಲ್ಲು ಬರೆಯುವ ಮೇಜಿನಿಂದಲೇ ಅವಳು ಮತ್ತೆ ಗಿರಾಕಿಗಳ ಜೊತೆ ಜಗಳ ತೆಗೆಯಲು ಶುರುಮಾಡಿದ್ದಳು. ಆರನೆಯ ಸ್ಕ್ಯಾನಿನ ಹಿಂದಿನ ದಿನ ಮಗಳು ಸ್ಟುಡಿಯೋ ಮುಂದೆ ಬಸ್ಸಿನಿಂದ ಇಳಿದು, ಚೀಲ ಹೆಗಲಿಗೇರಿಸಿಕೊಂಡೇ ಒಳಗೆ ಬಂದಳು.

"ನಾಳೆ ಬೆಳಿಗ್ಗೆ ಒಂಬತ್ತಕ್ಕೆ. ನಂಗೆ ರಜೆ ಸಿಕ್ಲಿಲ್ಲ. ನೀವು..." ಅಂದು ತಡೆದು, "ಅಮ್ಮನ ಜೊತೆ ಹೋಗ್ತೀಯಾ ದೊಡ್ಡಮ್ಮ?" ಅಂದಳು. ಉತ್ತರಕ್ಕೆ ಕಾಯದೆ ಹೊರಟುಹೋದಳು. ಬಸ್ಸು ಹಾರ್ನ್ ಹೊಡೆಯುತ್ತಿತ್ತು.

ಸ್ಕ್ಯಾನಿನಲ್ಲಿ ಬಲ ಶ್ವಾಸಕೋಶದ ಕೆಳಭಾಗದಲ್ಲಿ ನಾಲ್ಕು ಮಿಲಿಮೀಟರಿನ ಒಂದು ಚುಕ್ಕೆ ಕಂಡಿತು. ಹಳೆಯ ಕೆಮ್ಮಿನ ಗುರುತಿರಬಹುದು, ಬೇರೆ ಏನಾದರೂ ಇರಬಹುದು, ಈಗಲೇ ಹೇಳಲಾಗುವುದಿಲ್ಲ, ಆರು ವಾರ ಬಿಟ್ಟು ಮತ್ತೆ ನೋಡೋಣ ಅಂದರು ಡಾಕ್ಟರು. ಪರದೆಯ ಮೇಲೆ ಅದನ್ನು ತೋರಿಸಿದರು. ತಂಗಿ ನೋಡಲಿಲ್ಲ, ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಟಚಿಂಗಕ್ಕ ನೋಡಿದಳು. ಅದರ ಅಂಚು ದುಂಡಗಿದೆಯೋ ಹರಡಿದೆಯೋ ಅಂತ ಮುಖವನ್ನು ಪರದೆಗೆ ಹತ್ತಿರ ಒಯ್ದಳು. ಎಷ್ಟು ಹತ್ತಿರ ಹೋದರೂ ತಿಳಿಯಲಿಲ್ಲ.

ಆರು ವಾರದಲ್ಲಿ ಎರಡು ಕಳೆದಿವೆ.